ಟೈಲರ್ ಮಾವನ ಬಿಸಿ ಸುದ್ದಿ

ನಮ್ಮ ಬೀದಿಯ ಟೈಲರ್ ಮಾವ ಬೆಳಗ್ಗೆ ದೇವರಿಗೆ ಕೈಮುಗಿದು, ಅದೇ ಭಕ್ತಿಯಿಂದ ಹೊಸ ಫೋನಿಗೂ ಕೈಮುಗಿದು ಸುದ್ದಿಯ ಬೇಟೆಗೆ ಹೊರಡುತ್ತಾನೆ. ಕಾಲರ್ ಅಳತೆಗೆ ನಿಂತವರ ಕುತ್ತಿಗೆಗೆ ಟೇಪು ಸುತ್ತಿ, "ಕೇಳಿದ್ರಾ? ಆಕ್ಟೋಪಸ್‌ಗೆ ಮೂರು ಹೃದಯವಂತೆ!" ಎಂದು ಶುರುಮಾಡಿದನೆಂದರೆ ಬಿಡಿಸಿಕೊಂಡು ಓಡುವುದು ಯಾವ ವೀರನಿಂದಲೂ ಆಗದು. ಸಿನಿಮಾಕ್ಕೆ ಹೋದರೆ ಕಥೆಯನ್ನು ಅಲ್ಲೇ ಬಿಟ್ಟು, ಹೊಡೆದಾಟದಲ್ಲಿ ಕಿತ್ತುಹೋದ ನಾಯಕನ ಗುಂಡಿ ಹಾಡಿನ ಹೊತ್ತಿಗೆ ಮತ್ತೆ ಅಂಗಿಯ ಮೇಲೆ ಕೂತಿದ್ದನ್ನು ಹಿಡಿದು ಬರುತ್ತಾನೆ. ಗಿರಾಕಿಗಳ ಮೇಲೆ ನಡೆಯುವುದು ಬರೀ ತಾಲೀಮು. ನಿಜವಾದ ಪಂದ್ಯ ಒಳಕೋಣೆಯಲ್ಲಿ. ಪಾರ್ಶ್ವವಾಯು ಬಡಿದು ಮಲಗಿರುವ ಅವನ ಅಕ್ಕನ ಬಾಯಲ್ಲಿ ಉಳಿದಿರುವುದು "ಸುಳ್ಳು" ಎಂಬ ಒಂದೇ ಮಾತು. ಅದನ್ನು ಆಡಿಸುತ್ತಲೇ ಇರಿ, ಇಲ್ಲದಿದ್ದರೆ ಅದೂ ಹೋದೀತು ಎಂದಿದ್ದಾರೆ ಡಾಕ್ಟರು. ಹಾಗಾಗಿ ಮಾವ ನಂಬಲಾಗದ ಸುದ್ದಿಗಳನ್ನೇ ಹೆಕ್ಕಿ ತಂದು ಅವಳ ಮುಂದೆ ಸುರಿಯುತ್ತಾನೆ. ಮೊನ್ನೆ, "ಅಕ್ಕಾ, ಇನ್ಮೇಲೆ ಪ್ರಾರ್ಥನೇನ ಫೋನಲ್ಲೇ ಕಳಿಸ್ಬಹುದಂತೆ, ದೇವರು ಓದಿದ ತಕ್ಷಣ ನೀಲಿ ಟಿಕ್ಕು ಬರುತ್ತಂತೆ!" ಎಂದ. ಅಕ್ಕ ದುರುಗುಟ್ಟಿ ನೋಡಿದಳು. ತುಟಿ ಒದ್ದಾಡಿತು. "ಸುಳ್ಳು..." ಎಂದವಳು ಅಲ್ಲಿಗೆ ನಿಲ್ಲದೆ, ಉಸಿರು ಕಟ್ಟಿ, "...ಬುರುಕ!" ಎಂದಳು. ಮಾವ ಅರ್ಧ ಹೊಲಿದ ತೋಳನ್ನು ಬಾವುಟದಂತೆ ಬೀಸುತ್ತ ಬೀದಿಗೆ ಓಡಿಬಂದು ಕೂಗಿದ: "ಬೈದ್ಲು ಕಣ್ರೋ! ಅಕ್ಕ ನನಗೆ ಬೈದ್ಲು!"