ಎಳೆಯದೆ ಬಿಟ್ಟ ಗುಂಡಿಗಳು

ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ಮೂರೂವರೆಗೆ ಮಾವನವರ ಹಾರ್ಮೋನಿಯಂ ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ನಿಲ್ಲಿಸಿ, ಹಳೆ ಸೀರೆಯ ಅಂಚಿನಿಂದ ಬಿಗಿದು ಕಟ್ಟುತ್ತಿದ್ದೆ. ನಮ್ಮ ಕಡೆ ಅದಕ್ಕೆ ಪೇಟಿ ಎಂದೇ ಹೆಸರು. ಮಾವನವರು ಹಿಂದೆ ಕೂರುತ್ತಿದ್ದರು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಬಿಳಿ ಟೋಪಿ. ಗಾಳಿಗೆ ಹಾರೀತು ಎಂದು ದಾರಿಯಲ್ಲಿ ಟೋಪಿ ಹಾಕುತ್ತಿರಲಿಲ್ಲ. ಹಳಿಯಾಳದ ಪೇಟೆ ದಾಟಿ ಹಿರಿಯರ ಭಜನಾ ಮಂಡಳಿಯ ಕೋಣೆಗೆ ಹೋಗುವ ಹೊತ್ತಿಗೆ ಅರ್ಧ ಜನ ಬಂದು ಗೋಡೆಗೆ ಒರಗಿರುತ್ತಿದ್ದರು.

ಮಂಡಳಿಯಲ್ಲಿ ಹದಿನಾಲ್ಕು ಮಂದಿ, ಎಲ್ಲರೂ ಅರವತ್ತು ದಾಟಿದವರು. ವಚನ, ತತ್ವಪದ ಹಾಡುವವರು. ವರ್ಷಕ್ಕೊಮ್ಮೆ ಉಳವಿಗೆ ಹೋಗಿ ಹಾಡಿ ಬರುತ್ತಿದ್ದರು. ಯಾರಾದರೂ ಕರೆದರೆ ಆ ಊರಿಗೂ ಸೈ. ಮುಂದಾಳು ನಿವೃತ್ತ ಶಾಲಾ ಮಾಸ್ತರರು. ಹಾಡಿನ ಮೊದಲ ಸಾಲು ಅವರದೇ. ಎಂಬತ್ತೊಂದರ ಮಾವನವರು ಎಲ್ಲರಿಗಿಂತ ದೊಡ್ಡವರು, ಮೊದಲಿನಿಂದಲೂ ಪೇಟಿ ಅವರದು.

ನಾನು ಮಂಡಳಿಯವಳಲ್ಲ. ಜಮಖಾನೆ ಹಾಸುವುದು, ಪೇಟಿಯ ಮುಚ್ಚಳ ತೆಗೆಯುವುದು, ತಿದಿಯ ಕೊಂಡಿ ಬಿಚ್ಚುವುದು, ಮುಂಭಾಗದ ನಾಲ್ಕು ಗುಂಡಿಗಳನ್ನು ಹೊರಗೆ ಎಳೆಯುವುದು, ಇಷ್ಟು ನನ್ನ ಕೆಲಸ. ಆ ಗುಂಡಿಗಳಿರುವುದು ಕೇಳುವ ಜನರ ಕಡೆಗೆ. ಕೂತ ಮೇಲೆ ಅಷ್ಟು ಮುಂದಕ್ಕೆ ಬಗ್ಗಲು ಮಾವನವರಿಗೆ ಆಗುತ್ತಿರಲಿಲ್ಲ. ಗುಂಡಿ ಎಳೆದರೆ ತಿದಿಯ ಗಾಳಿ ಸ್ವರಗಳಿಗೆ ಹೋಗುತ್ತದೆ. ಒಳಗೇ ಬಿಟ್ಟರೆ ಬೆರಳು ಎಷ್ಟು ಓಡಿದರೂ ಪೇಟಿ ಮೂಕ.

ಮಂಡಳಿಗೆ ಒಂದು ನೇಮವಿತ್ತು. ವಾದ್ಯದ ಮುಂದೆ ಕೂತವರನ್ನು ಏಳಿ ಎನ್ನುವ ಹಾಗಿಲ್ಲ. ಏಳುವವರು ತಾವೇ ಏಳಬೇಕು, ಮುಂದಿನವರ ಕೈ ಹಿಡಿದು ವಾದ್ಯದ ಮೇಲೆ ಇಡಬೇಕು. ಹಾಗೆ ಇಟ್ಟ ಮೇಲೆ ಜಾಗ ಅವರದು. ತಬಲಾ ಹೀಗೆ ಎರಡು ಸಲ ಕೈ ಬದಲಿಸಿತ್ತು. ಪೇಟಿ ಒಮ್ಮೆಯೂ ಬದಲಾಗಿರಲಿಲ್ಲ.

ತೊಂದರೆ ಇದ್ದದ್ದು ಮಾವನವರ ಕಿವಿಯಲ್ಲಿ. ಮೂವತ್ತೆಂಟು ವರ್ಷ ಅವರು ತಮ್ಮದೇ ಹಿಟ್ಟಿನ ಗಿರಣಿ ನಡೆಸಿದವರು. ಆ ಸದ್ದಿನಲ್ಲಿ ಕಿವಿ ಅರ್ಧ ಹೋಗಿತ್ತು, ಉಳಿದರ್ಧ ವಯಸ್ಸಿಗೆ ಹೋಯಿತು. ಗಿರಣಿಯಲ್ಲಿ ಅವರು ಸದ್ದು ಕೇಳಿ ಕೆಲಸ ಮಾಡಿದವರೇ ಅಲ್ಲ. ಹಿಟ್ಟು ಬೀಳುವ ಬಾಯಿಯ ಕೆಳಗೆ ಅಂಗೈ ಹಿಡಿದು, ಕಲ್ಲು ಸವೆದಿದೆ, ಜೋಳ ಹಸಿಯಾಗಿದೆ, ನಾಳೆ ಒಣಗಿಸಿ ತನ್ನಿ ಎಂದು ಹೇಳಿ ಕಳಿಸುತ್ತಿದ್ದರು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟಾಗ ಅದು ಸಿಳ್ಳೆ ಹೊಡೆಯುತ್ತದೆಂದು ಕಪಾಟಿನಲ್ಲಿಟ್ಟರು. ಆಮೇಲೆ ಮಾಸ್ತರರ ಬಾಯಿ ನೋಡಿಕೊಂಡು ಬಾರಿಸತೊಡಗಿದರು. ಮಾಸ್ತರರು ಕಣ್ಣು ಮುಚ್ಚಿ ತಲೆ ಆ ಕಡೆ ತಿರುಗಿಸಿದರೆ ಪೇಟಿ ಒಂದು ದಾರಿ, ಹಾಡು ಒಂದು ದಾರಿ.

ಮುಂಡಗೋಡದಲ್ಲಿ ಅದು ಮರ್ಯಾದೆ ಕಳೆಯಿತು. ಅಲ್ಲಿಯ ಒಂದು ಕಾರ್ಯಕ್ರಮಕ್ಕೆ ಮಂಡಳಿಯನ್ನು ಕರೆದಿದ್ದರು. ಮೂರನೆಯ ಪದ ಮುಗಿಯಿತು, ತಾಳ ನಿಂತಿತು, ಹಾಡುವವರು ನೀರು ಕುಡಿಯಲು ಎದ್ದರು, ಪೇಟಿ ನಿಲ್ಲಲಿಲ್ಲ. ಮಾವನವರು ಕಣ್ಣು ಮುಚ್ಚಿ, ತಲೆ ತೂಗುತ್ತಾ, ಇನ್ನೂ ಎರಡು ಸುತ್ತು ಬಾರಿಸಿದರು. ಜನ ಮೊದಲು ನಕ್ಕರು, ಆಮೇಲೆ ನಗುತ್ತಲೇ ಚಪ್ಪಾಳೆ ತಟ್ಟಿದರು. ಮಾವನವರು ಕಣ್ಣು ಬಿಟ್ಟು, ಆ ಚಪ್ಪಾಳೆ ನೋಡಿ, ಟೋಪಿ ಸರಿ ಮಾಡಿಕೊಂಡು ಎರಡೂ ಕೈ ಮುಗಿದರು. ಅದಕ್ಕೆ ಇನ್ನಷ್ಟು ನಗು ಬಂತು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದಳು: "ಆ ಮುದುಕ್ರು ನಿಮ್ಮಾವ್ರೇನ್ರಿ?"

ಅಲ್ಲ ಎಂದೆ. ನಾನು ಇದೇ ಊರಿನವಳು, ಸುಮ್ಮನೆ ಕೇಳಲು ಬಂದೆ ಎಂದೂ ಸೇರಿಸಿದೆ.

ಅದೇ ವಾರ, ಶನಿವಾರ, ಮಾಸ್ತರರ ಮನೆಯ ಪಡಸಾಲೆಯಲ್ಲಿ ಸಭೆ ಕೂಡಿತು. ಮಾವನವರಿಗೆ ತಿಳಿಸಿರಲಿಲ್ಲ. ನನ್ನನ್ನು ಕರೆದಿದ್ದರು. ಒಗ್ಗರಣೆ ಅವಲಕ್ಕಿ, ಚಹಾ ಆಯಿತು. ದಾಂಡೇಲಿಯಲ್ಲಿ ಹಿರಿಯ ನಾಗರಿಕರ ದೊಡ್ಡ ಕಾರ್ಯಕ್ರಮವಿತ್ತು. ಸುತ್ತಲಿನ ನಾಲ್ಕೂ ತಾಲೂಕಿನ ತಂಡಗಳು ಬರುವವು, ಸಾಹೇಬರು ಬರುವವರು, ಮುಂಡಗೋಡದ ಹಾಗೆ ಆಗಕೂಡದು. ಮಂಡಳಿಗೆ ಆ ವರ್ಷ ಹೊಸಬರೊಬ್ಬರು ಸೇರಿದ್ದರು, ಅರವತ್ತೊಂದು ವಯಸ್ಸು, ಪೇಟಿಯ ಮೇಲೆ ಒಳ್ಳೆಯ ಕೈ. ಆದರೆ ಕೂರಿಸುವುದು ಹೇಗೆ? ಮಾವನವರು ತಾವಾಗಿಯೇ ಅವರ ಕೈ ಹಿಡಿದು ಇಡಬೇಕಲ್ಲ.

ಮಾಸ್ತರರು ದಾರಿ ಕಂಡುಹಿಡಿದಿದ್ದರು. "ಏಳ್ರಿ ಅನ್ನಾಕ ಬರಂಗಿಲ್ಲ. ಕೂಡ್ಲಿ. ಬಾರಿಸ್ಲಿ. ಪೇಟಿ ಬಾಯಿ ಮುಚ್ಚಿದ್ರ ಸಾಕು." ಹೊಸಬರು ತಮ್ಮ ಪೇಟಿ ಇಟ್ಟುಕೊಂಡು ಪರದೆಯ ಹಿಂದೆ ಕೂತು ಬಾರಿಸುವುದು. ಮಾವನವರಿಗೆ ಕೇಳುವುದಿಲ್ಲವಾದ್ದರಿಂದ ಅವರ ಪಾಡಿಗೆ ಅವರು ಖುಷಿ. ನೇಮ ಮುರಿದ ಹಾಗೂ ಆಗುವುದಿಲ್ಲ.

ತಾಳ ಹಾಕುವ ಸಿದ್ದಿ ಜನಾಂಗದ ಅಜ್ಜಿ ಬಾಗಿಲ ಬಳಿ ಕೂತಿದ್ದರು. ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಅವರು ಹೆಚ್ಚು ಮಾತಾಡುವವರಲ್ಲ. "ಕಿವಿ ಹೋಗ್ಯಾವ್ರಿ ಅವರ್ವು," ಎಂದರು. "ಕೈ ಹೋಗಿಲ್ಲ."

ಮಾಸ್ತರರು ನಗುತ್ತಾ ಕೇಳಿದರು: "ಯಾಕಬೇ, ನಿಮ್ಮ ಕೇರಿ ಡಮಾಮಿ ಡೋಲು ನೀವು ಕೈಲೇ ಕೇಳ್ತೀರೇನು?"

"ಹೌದ್ರಿ. ಮತ್ತ ಹ್ಯಾಂಗ ಕೇಳೂದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಜ್ಜಿ ಅವಲಕ್ಕಿಯ ತಟ್ಟೆ ಎತ್ತಿಕೊಂಡು ತೊಳೆಯಲು ಹಿತ್ತಲಿಗೆ ಹೋದರು.

ಆಮೇಲೆ ಮಾಸ್ತರರು ನನ್ನ ಕಡೆ ತಿರುಗಿದರು. "ಗುಂಡಿ ನೀ ಎಳೀತಿಯಲ್ಲ ತಂಗಿ? ಎಳೀಬ್ಯಾಡ. ಅಷ್ಟ."

ಅಷ್ಟೇ ಇತ್ತು. ಹೊಸದಾಗಿ ಏನೂ ಮಾಡಬೇಕಾಗಿರಲಿಲ್ಲ. ಪ್ರತಿ ಸಲ ಮಾಡುವ ಒಂದು ಕೆಲಸವನ್ನು ಮರೆತರೆ ಸಾಕಿತ್ತು. ಮುಂಡಗೋಡದ ಆ ಹೆಂಗಸಿನ ಸೆರಗು ನೆನಪಾಗಿ ನಾನು ಹೂಂ ಎಂದೆ.

ಮುಂದಿನ ಸೋಮವಾರ ಜಮಖಾನೆ ಹಾಸಿದೆ, ಮುಚ್ಚಳ ತೆಗೆದೆ, ಕೊಂಡಿ ಬಿಚ್ಚಿದೆ, ಗುಂಡಿ ಮುಟ್ಟಲಿಲ್ಲ. ಹೊಸಬರು ಕಂಬದ ಮರೆಗೆ ಕೂತರು. ಮಾವನವರು ಎಡಗೈಯಿಂದ ತಿದಿ ಒತ್ತಿದರು. ಇನ್ನೊಮ್ಮೆ ಒತ್ತಿದರು. ಕೈ ನಿಂತಿತು. ನನ್ನನ್ನು ನೋಡಿದರು. ನಾನು ಜಮಖಾನೆಯ ಮಡಚಿದ ತುದಿಯನ್ನು ಬಿಡಿಸುತ್ತಿದ್ದೆ. ಅವರು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಶುರು ಮಾಡಿದರು. ಬೆರಳು ಎಂದಿನಂತೆ ಓಡಿದವು. ಸ್ವರ ಕಂಬದ ಹಿಂದಿನಿಂದ ಬಂತು. ಹಾಡು ಅಷ್ಟು ಚೆನ್ನಾಗಿ ಆಗಿ ವರ್ಷಗಳಾಗಿದ್ದವು.

ಪದ ಮುಗಿದಾಗ ಅವರು ಮಾಸ್ತರರನ್ನು ಕೇಳಿದರು: "ಸುರ ಹತ್ತೇತೇನ್ರಿ?"

"ಹತ್ತೇತ್ರಿ. ಭಾಳ ಛಲೋ ಆತು," ಎಂದರು ಮಾಸ್ತರರು, ಬಾಯಿ ದೊಡ್ಡದು ಮಾಡಿ.

ಆ ಸಂಜೆ ಮಾವನವರು ಮೂರು ರೊಟ್ಟಿಯ ಬದಲು ಎರಡೇ ತಿಂದರು. ಪಲ್ಯಕ್ಕೆ ಖಾರ ಹೆಚ್ಚಾಯಿತೇನೋ ಎಂದುಕೊಂಡೆ.

ಎರಡು ತಿಂಗಳು ಹೀಗೇ ನಡೆಯಿತು. ಪ್ರತಿ ಸಲ ಅದೇ ಪ್ರಶ್ನೆ ಕೇಳುತ್ತಿದ್ದರು, ಪ್ರತಿ ಸಲ ಬೇರೆಯವರನ್ನು. ಒಂದು ದಿನ ತಬಲಾದವರನ್ನು, ಒಂದು ದಿನ ಹಿಂದಿನ ಸಾಲಿನ ಅಕ್ಕನನ್ನು, ಒಂದು ದಿನ ಹೊಸಬರನ್ನೇ. ಸುರ ಹತ್ತೇತೇನ್ರಿ? ಹತ್ತೇತ್ರಿ, ಹತ್ತೇತ್ರಿ. ಹೊಸಬರು ಕತ್ತು ಬಗ್ಗಿಸಿ, ನಿಮ್ಮ ಕೈ ನೋಡಿ ಕಲೀಬೇಕ್ರಿ ಎಂದರಂತೆ. ಕೋಣೆಯಿಂದ ಹೊರಗೆ ಬಂದ ಮೇಲೆ ಅದನ್ನು ಹೇಳಿಕೊಂಡು ಎಲ್ಲರೂ ನಗುತ್ತಿದ್ದರು. ಸಿದ್ದಿ ಅಜ್ಜಿಯನ್ನು ಮಾತ್ರ ಮಾವನವರು ಕೇಳಲೇ ಇಲ್ಲ. ಅವರು ತಾಳವನ್ನು ಚೀಲಕ್ಕೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಸ್ಸಿಗೆ ಹೋಗಿಬಿಡುತ್ತಿದ್ದರು.

ದಾಂಡೇಲಿಗೆ ಹೋಗುವ ಹಿಂದಿನ ದಿನ, ಕೋಣೆಯಿಂದ ಹಿಂತಿರುಗುವಾಗ, ಸ್ಕೂಟರಿನ ಮೇಲೆ ನನ್ನ ಸರದಿ ಬಂತು. ಹೆಗಲ ಮೇಲಿನ ಕೈ ಸ್ವಲ್ಪ ಒತ್ತಿತು. "ಯವ್ವಾ, ಪೇಟಿ ಹ್ಯಾಂಗ ಕೇಳಸ್ತೈತಿ?"

ಅವರಿಗೆ ನನ್ನ ಬಾಯಿ ಕಾಣಲಿ ಎಂದು ಸ್ಕೂಟರಿನ ಕನ್ನಡಿಯ ನೇರಕ್ಕೆ ಮುಖ ತಂದೆ. ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದೆ: "ಭಾಳ ಛಲೋ ಕೇಳಸ್ತೈತ್ರಿ, ಮಾವಾರ."

ಕನ್ನಡಿಯಲ್ಲಿ ಅವರು ನನ್ನನ್ನು ನೋಡುತ್ತಲೇ ಇದ್ದರು. ಮನೆ ಬಂತು.

ದಾಂಡೇಲಿಯ ಸಭಾಗೃಹ ಬೆಳಿಗ್ಗೆ ಹನ್ನೊಂದಕ್ಕೇ ತುಂಬಿತ್ತು. ಜೋಯಿಡಾದ ಅಜ್ಜಿಯರು ಹಸಿರು ಸೀರೆ ಉಟ್ಟು, ಸುತ್ತುಗಟ್ಟಿ ಕುಣಿಯುವ ಫುಗಡಿ ಆಡಿದರು. ಅದರಲ್ಲೊಬ್ಬರು ಸುಸ್ತಾಗಿ ಮಧ್ಯದಲ್ಲೇ ಕೂತರು, ಅವರ ಸುತ್ತಲೇ ಉಳಿದವರು ಆಡಿ ಮುಗಿಸಿದರು. ಆಮೇಲೆ ನಮ್ಮವರು. ಪೇಟಿಯನ್ನು ನಾನೇ ವೇದಿಕೆಯ ಮೇಲಿಟ್ಟೆ, ಕೊಂಡಿ ಬಿಚ್ಚಿದೆ. ಹೊಸಬರು ಹಿಂದಿನ ನೀಲಿ ಪರದೆಯ ಆಚೆ ಹೋಗಿ ಕೂತರು. ಅಲ್ಲಿಂದ ಅವರಿಗೆ ವೇದಿಕೆ ಕಾಣುತ್ತಿರಲಿಲ್ಲ. ಹಾಗಾಗಿ ಪ್ರತಿ ಪದಕ್ಕೂ ಚಪ್ಪಾಳೆ ಕೇಳಿದ ಕೂಡಲೇ ಶುರು ಮಾಡಿ ಎಂದು ಮಾಸ್ತರರು ಹೇಳಿಟ್ಟಿದ್ದರು.

ನಾಲ್ಕು ಪದ ಹಾಡಿದರು. ಎಲ್ಲಿಯೂ ತಪ್ಪಲಿಲ್ಲ. ಮುಖ್ಯ ಅತಿಥಿಗಳು ಎದ್ದು ನಿಂತು, ಎಂಬತ್ತೊಂದರ ವಯಸ್ಸಿನಲ್ಲಿ ಎಂಥ ಕೈ, ಎಂಥ ಸ್ವರ ಎಂದು ಹೊಗಳಿ ಮಾವನವರಿಗೆ ಶಾಲು ಹೊದಿಸಿದರು. ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಗು ಬರುತ್ತಿತ್ತು.

ಮಾವನವರು ಮೈಕು ಬೇಕೆಂದು ಕೈ ಮಾಡಿದರು. ಅವರ ದನಿ ಎಷ್ಟು ದೊಡ್ಡದಾಗಿದೆ ಎಂದು ಅವರಿಗೇ ತಿಳಿಯುತ್ತಿರಲಿಲ್ಲ, ಇಡೀ ಸಭಾಗೃಹಕ್ಕೆ ಕೇಳಿತು. "ನಮ್ಮ ಮಂಡಳೀದು ಒಂದು ನೇಮ ಐತಿ. ಏಳಾವ್ರು ಮುಂದಿನವ್ರ ಕೈ ಹಿಡದು ಇಡಬೇಕು. ನಾ ಇವತ್ತ ಏಳ್ತೇನಿ."

ಮಾಸ್ತರರ ಮುಖ ಅರಳಿತು. ಹೊಸಬರನ್ನು ಪರದೆಯಿಂದ ಈಚೆ ಕರೆಯುವುದು ಹೇಗೆ ಎಂದು ಅವರು ತಡವರಿಸುತ್ತಿರುವಾಗಲೇ ಮಾವನವರು ಮುಂದಿನ ಸಾಲಿನಲ್ಲಿದ್ದ ನನ್ನ ಕಡೆ ನೋಡಿದರು. "ಯವ್ವಾ, ಮ್ಯಾಲ ಬಾ."

ಸೊಸೆಗೆ ಒಪ್ಪಿಸುತ್ತಾರೆ ಎಂದು ಜನ ಮೆಚ್ಚಿಕೊಂಡರು. ನಾನು ಹತ್ತಿ ಹೋಗಿ ಅವರ ಪಕ್ಕ ಕೂತೆ. ಪೇಟಿ ಒರೆಸುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅವರು ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ತಿದಿಯ ಮೇಲಿಟ್ಟರು. ಮೈಕು ಪಕ್ಕಕ್ಕೆ ಸರಿಸಿ, "ಒತ್ತು," ಎಂದರು.

ಒತ್ತಿದೆ. ಒಳಗೆ ತುಂಬಿದ್ದ ಗಾಳಿಗೆ ಹೋಗಲು ದಾರಿ ಇರಲಿಲ್ಲ. ತಿದಿ ಅಲುಗಲಿಲ್ಲ. ಗೋಡೆ ಒತ್ತಿದ ಹಾಗಾಯಿತು.

"ಹ್ಯಾಂಗೈತಿ?"

"ಗಟ್ಟಿ ಐತ್ರಿ."

"ಎರಡು ತಿಂಗಳಾತು, ಹಿಂಗ ಐತಿ," ಎಂದರು. "ಗುಂಡಿ ಎಳದಿದ್ರ ಇರತಿದ್ದಿಲ್ಲ. ಇನ್ನ ಮ್ಯಾಲ ನೀನ ಒತ್ತು."

ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟಿದರು. ಪರದೆಯ ಹಿಂದಿದ್ದ ಹೊಸಬರು ಅದು ಮುಂದಿನ ಪದದ ಸೂಚನೆ ಎಂದುಕೊಂಡು ಶುರು ಮಾಡಿಬಿಟ್ಟರು. ವೇದಿಕೆಯ ಮೇಲಿನ ಪೇಟಿಯ ಮೇಲೆ ಯಾರ ಬೆರಳೂ ಇರಲಿಲ್ಲ, ತಿದಿಯ ಮೇಲೆ ನನ್ನ ಕೈ ಸುಮ್ಮನೆ ಕೂತಿತ್ತು. ಸ್ವರ ಮಾತ್ರ ಸಭಾಗೃಹದ ತುಂಬ. ಮುಂದಿನ ಸಾಲಿಗೆ ಮೊದಲು ತಿಳಿಯಿತು, ಆಮೇಲೆ ಹಿಂದಿನವರಿಗೆ. ಯಾರೋ ಸಿಳ್ಳೆ ಹಾಕಿದರು. ಮುಖ್ಯ ಅತಿಥಿಗಳು ಕರವಸ್ತ್ರ ತೆಗೆದು ಬಾಯಿಗೆ ಹಿಡಿದರು. ಮಾಸ್ತರರು ಪರದೆಯನ್ನು ಗುದ್ದಿದರು, ಆದರೂ ಹೊಸಬರು ಒಂದು ಸಾಲು ಪೂರ್ತಿ ಬಾರಿಸಿಯೇ ನಿಲ್ಲಿಸಿದರು.

ಮಾವನವರಿಗೆ ಏನೂ ಕೇಳಲಿಲ್ಲ. ನಗುವ ಬಾಯಿಗಳನ್ನು ಅವರು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಟೋಪಿ ಸರಿ ಮಾಡಿಕೊಂಡು ಎರಡೂ ಕೈ ಮುಗಿದರು, ಮುಂಡಗೋಡದಲ್ಲಿ ಮುಗಿದ ಹಾಗೆಯೇ. ಅಂದೂ ಅವರಿಗೆ ತಿಳಿದಿತ್ತೇನೋ ಎಂದು ನನಗೆ ಆಗ ಹೊಳೆಯಿತು. ಕೇಳಲು ಧೈರ್ಯ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ನೇಮದ ಪ್ರಕಾರ ಪೇಟಿಯ ಜಾಗ ನನ್ನದಾಗಿತ್ತು. ನಾನಾಗಿ ಕೊಡದೆ ಹೊಸಬರು ತಮ್ಮದೇ ಪೇಟಿ ತಂದರೂ ಆ ಜಾಗದಲ್ಲಿ ಕೂರುವಂತಿರಲಿಲ್ಲ. ಮೂರು ವಾರ ಮಂಡಳಿಯವರು ಬರೀ ತಬಲಾದ ಮೇಲೆ ಹಾಡಿದರು. ನಾಲ್ಕನೆಯ ಸೋಮವಾರ ಮಾಸ್ತರರು ಮನೆಗೆ ಬಂದು, ಮಾವನವರ ಎದುರಿಗೇ ಕೂತು, ಆದರೆ ಅವರ ಕಡೆ ಮುಖ ಮಾಡದೆ, ಒಪ್ಪಿಸಿಬಿಡು ತಂಗಿ ಎಂದು ಕೇಳಿದರು. ಆ ಗುರುವಾರ ಹೋಗಿ, ಹೊಸಬರ ಕೈ ಹಿಡಿದು ತಿದಿಯ ಮೇಲಿಟ್ಟು, ನಾಲ್ಕೂ ಗುಂಡಿಗಳನ್ನು ಎಳೆದು ಬಂದೆ. ಸಿದ್ದಿ ಅಜ್ಜಿಯ ಜಾಗ ಖಾಲಿ ಇತ್ತು. ದಾಂಡೇಲಿಯ ನಂತರ ಅವರು ಬಂದಿರಲಿಲ್ಲ. ಬಸ್ಸಿನ ತೊಂದರೆ ಎಂದು ಯಾರೋ ಹೇಳಿದರು.

ಪೇಟಿಯನ್ನೂ ಅಲ್ಲೇ ಬಿಟ್ಟೆ. ಮನೆಯಲ್ಲಿ ಅದು ಇರುತ್ತಿದ್ದ ಮೂಲೆಯಲ್ಲಿ ಈಗ ಜೋಳದ ಡಬ್ಬಿ ಇದೆ.

ಮಾವನವರು ನನ್ನ ಗಂಡನ ಮುಂದೆ ಈ ಮಾತು ಎತ್ತಿಲ್ಲ, ನನ್ನನ್ನು ಬೈದೂ ಇಲ್ಲ. ಬೆಳಿಗ್ಗೆ ಆರೂವರೆಗೆ ಚಹಾ ಒಯ್ದುಕೊಟ್ಟಾಗ ಮಾತ್ರ ಒಂದು ಪ್ರಶ್ನೆ ಕೇಳುತ್ತಾರೆ. ಲೋಟ ಮುಟ್ಟುವ ಮೊದಲು ಅಡುಗೆಮನೆಯ ಗ್ಯಾಸ್ ಒಲೆಯ ಕಡೆ ಬೆರಳು ಮಾಡಿ, ಮೆಲ್ಲಗೆ: "ಚಹಾಕ್ಕ ಗುಂಡಿ ತಿರುವಿದ್ಯೇನು, ಯವ್ವಾ?"

"ತಿರುವೇನ್ರಿ, ಮಾವಾರ."

ಉತ್ತರ ಹೇಳುವಾಗ ನನ್ನ ಬಾಯನ್ನೇ ನೋಡುತ್ತಾರೆ. ಆಮೇಲೆ ಲೋಟದ ಸುತ್ತ ಅಂಗೈ ಇಟ್ಟು, ಬಿಸಿ ಇದೆಯೋ ಇಲ್ಲವೋ ಎಂದು ತಾವೇ ನೋಡಿಕೊಂಡು ಕುಡಿಯುತ್ತಾರೆ.