ಗಂಗಣ್ಣ ಇಟ್ಟ ಹೆಸರುಗಳು

ಗಂಗಣ್ಣನ ಹೆಗಲಿಗೆ ಒಂದು ಖಾಕಿ ಚೀಲ. ಅದರೊಳಗೆ ದನಕ್ಕೆ ಚುಚ್ಚುವ ದಪ್ಪ ಸಿರಿಂಜು, ಅದರ ಪಕ್ಕದಲ್ಲೇ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ. ಸಿರಿಂಜು ಮರೆತು ಬಂದು ಅರ್ಧ ದಾರಿಯಿಂದ ವಾಪಸ್ ಹೋಗಿದ್ದುಂಟು. ಪುಸ್ತಕ ಮರೆತಿದ್ದನ್ನು ನಾನು ಕಂಡಿಲ್ಲ.

ಸೋಲೂರು ಹತ್ತಿರದ ನಮ್ಮೂರಿಗೆ ಅವನು ದನದಾಸ್ಪತ್ರೆಯ ಕಾಂಪೌಂಡರ್. ಡಾಕ್ಟರು ಬರುತ್ತಿದ್ದುದು ಅಪರೂಪ, ಹಾಗಾಗಿ ನಮಗೆ ಅವನೇ ಡಾಕ್ಟರು. ಬಿ.ಎ. ಅರ್ಧಕ್ಕೆ ಬಿಟ್ಟಿದ್ದ. ಆ ಪುಸ್ತಕ ಮಾಗಡಿ ಸಂತೆಯಲ್ಲಿ ಕಡಲೆಕಾಯಿ ಮಾರುವವಳ ಹತ್ತಿರ ಸಿಕ್ಕಿದ್ದಂತೆ. ಅವಳು ಮೊದಲ ಹಾಳೆಗಳನ್ನೆಲ್ಲ ಪೊಟ್ಟಣ ಕಟ್ಟಿಬಿಟ್ಟಿದ್ದಳು, ಉಳಿದಿದ್ದನ್ನು ಇವನು ಬೇಡಿ ತಂದ. ಗ್ರೀಸ್ ಅನ್ನುವ ದೇಶದ ಹಳೇ ದೇವರು ದಿಂಡರ ಕಥೆ. ಇಂಗ್ಲಿಷಿನ ಎಷ್ಟೋ ಮಾತು ಆ ದೇವರುಗಳಿಂದಲೇ ಹುಟ್ಟಿದ್ದಂತೆ. ನಾನು ಓದಿದ್ದು ಮೂರನೇ ಕ್ಲಾಸು. ಅವನು ಹೇಳಿದಷ್ಟೇ ನನಗೆ ಗೊತ್ತು.

ಅವನೆದುರು ಒಂದು ಇಂಗ್ಲಿಷ್ ಮಾತು ಆಡುವ ಹಾಗಿರಲಿಲ್ಲ. ನನ್ನ ಕಿರೀ ಮಗ ಸ್ಕೂಲಿಗೆ ಅಟ್ಲಾಸು ಬೇಕು ಅಂದರೆ, ‘ಅವ್ನು ಆಕಾಸ ಹೊತ್ಕೊಂಡು ನಿಂತೋನು ಕಣಪ್ಪ’ ಅಂತ ಶುರು. ಒಮ್ಮೆ ಕುರಿಮಂದೆ ಸುಮ್ಮನೆ ಬೆದರಿ ಓಡಿತು. ನನ್ನ ಸೊಸೆ, ‘ಪ್ಯಾನಿಕ್ ಆಗ್ಬೇಡಿ ಅತ್ತೆ’ ಅಂದಳು. ಹಸುವಿನ ಬಾಲ ಹಿಡಿದು ನಿಂತಿದ್ದ ಇವನು ಅಲ್ಲಿಂದಲೇ ಕೂಗಿದ: ‘ಅದು ಪ್ಯಾನ್ ಅನ್ನೋ ದೇವ್ರು ಕಣವ್ವ! ಮೇಕೆ ಕಾಲಿನೋನು. ಮಂದೇನ ಹಿಂಗೇ ಬೆದರಿಸ್ತಿದ್ದ!’

‘ನಿನ್ನ ದೇವ್ರು ಆಮೇಲೆ ನೋಡ್ಕೊಳನ, ಮೊದ್ಲು ಆ ಬಾಲ ಬುಡು’ ಅಂದೆ ನಾನು.

ಸೀಮೆ ಹಸುಗಳು ನಮ್ಮ ಕೊಟ್ಟಿಗೆಗೆ ಬಂದ ಕಾಲ ಅದು. ನಾಟಿ ಹಸುವಾದರೆ ಗೌರಿ, ತುಂಗೆ ಅಂತ ಕರೆಯಬಹುದು. ಈ ಕಪ್ಪು ಬಿಳಿ ಮೈಯ ದೊಡ್ಡ ಕೆಚ್ಚಲಿನವಕ್ಕೆ ಏನಂತ ಕರೆಯುವುದು? ಜನ ಗಂಗಣ್ಣನನ್ನೇ ಕೇಳಿದರು. ಅವನು ಪುಸ್ತಕ ತೆಗೆದ. ವರ್ಷ ಕಳೆಯುವುದರೊಳಗೆ ನಮ್ಮ ಕೇರಿಯಲ್ಲಿ ಅಥೀನಾ, ಡಾಫ್ನಿ, ಐರಿಸ್ ಎಲ್ಲ ಹುಲ್ಲು ಮೇಯುತ್ತಿದ್ದವು. ಅಣ್ಣ ತಮ್ಮ ಇಬ್ಬರು ಪಾಲಿನಲ್ಲಿ ಒಂದು ಹಸುವಿಗಾಗಿ ತಲೆ ಒಡೆದುಕೊಂಡರು, ಅದಕ್ಕೆ, ಎರಡು ರಾಜ್ಯ ಹೊಡೆದಾಡಿದ ಹೆಣ್ಣಿನ ಹೆಸರು ಅಂತ, ಹೆಲೆನ್ ಅಂತ ಇಟ್ಟ. ಹೆಂಗಸರು ಬಾಯಿಗೆ ಬಂದ ಹಾಗೆ, ‘ಏ ಅಥೀನಾ, ನಿನ್ನ ಮನೆ ಕಾಯ್ವೋಗ, ನಿಂತ್ಕೊಳೇ’ ಅಂತ ಬೈದುಕೊಂಡು ಹಾಲು ಕರೆಯುತ್ತಿದ್ದರು.

ನಮ್ಮ ಮನೆ ಕರುವಿಗೆ ಯುರೋಪಾ ಅಂದ. ಹೋರಿಯ ಬೆನ್ನೇರಿ ಸಮುದ್ರ ದಾಟಿದ ಹುಡುಗಿಯಂತೆ, ಅವಳ ಹೆಸರನ್ನು ಒಂದು ಖಂಡಕ್ಕೇ ಇಟ್ಟಿದ್ದಾರಂತೆ.

‘ಓಡ್ಹೋದೋಳ ಹೆಸ್ರು ನಮ್ಮ ಹಸೂಗಾ?’ ಅಂದೆ.

‘ಓಡ್ಹೋಗಿಲ್ಲ ಕಣಕ್ಕ, ಎತ್ತಾಕ್ಕೊಂಡು ಹೋದ್ರು.’

‘ಎಲ್ಲಾ ಊರಲ್ಲೂ ಹಂಗೇ ಹೇಳಾದು’ ಅಂದೆ. ಅವನು ನಗುತ್ತಾ ಜಗಲಿಯ ಮೇಲೆ ಕೂತ.

ಆ ದಿನವೇ ಪಂಡೋರಾ ಅನ್ನುವವಳ ಕಥೆ ಹೇಳಿದ್ದು. ದೇವರು ಒಂದು ಗುಡಾಣ ಕೊಟ್ಟು ಮುಚ್ಚಳ ತೆಗೆಯಬೇಡ ಅಂದನಂತೆ. ಅವಳು ತೆಗೆದಳು. ರೋಗ, ಸಾವು, ಹೊಟ್ಟೆಕಿಚ್ಚು, ಇದ್ದಬದ್ದ ಪೀಡೆಯೆಲ್ಲ ಹಾರಿ ಲೋಕಕ್ಕೆ ಹೋದವು. ಗಾಬರಿಯಲ್ಲಿ ಮುಚ್ಚಿದಾಗ ತಳದಲ್ಲಿ ಒಂದೇ ಒಂದು ಉಳಿದಿತ್ತು. ಅದು ಆಸೆ, ನಾಳೆ ಒಳ್ಳೇದಾದೀತು ಅನ್ನುವ ಆಸೆ. ‘ಅದೊಂದು ಉಳೀತಲ್ಲಕ್ಕ, ಅಷ್ಟು ಸಾಕು ಮನ್ಸಂಗೆ’ ಅಂದ. ಅವನ ಕಣ್ಣು ಒದ್ದೆಯಾಗಿತ್ತು.

‘ರಾಗಿ ಗುಡಾಣದ ತಳದಲ್ಲಿ ರಾಗೀನೇ ಇರಾದು ಗಂಗಣ್ಣ. ಪೀಡೆ ಗುಡಾಣದ ತಳದಲ್ಲಿ ಇನ್ನೇನಿದ್ದಾತು?’ ಅಂದೆ.

ಅವನು ಪುಸ್ತಕ ತಿರುವಿ ನೋಡಿದ. ಅದರಲ್ಲಿ ಉತ್ತರ ಇರಲಿಲ್ಲ ಅಂತ ಕಾಣುತ್ತೆ.

ಯುರೋಪಾ ಎರಡನೇ ಸಲ ಗಬ್ಬವಾಗಿದ್ದಾಗ ಕಾಲುಬಾಯಿ ರೋಗ ಬಂತು. ಪಕ್ಕದ ಊರಲ್ಲಿ ಹಸುಗಳು ಜೊಲ್ಲು ಸುರಿಸಿಕೊಂಡು ಮಲಗಿದವು ಅಂತ ಸುದ್ದಿ. ನನ್ನ ತಮ್ಮ ವಿರೂಪಾಕ್ಷಿಪುರದಿಂದ ಟೆಂಪೋ ತಂದ. ‘ಅಕ್ಕ, ನಮ್ಮ ಕಡೆ ಇನ್ನೂ ಏನಿಲ್ಲ, ಹಸ ಹತ್ತಿಸು’ ಅಂದ. ನಾನು ಹಗ್ಗ ಬಿಚ್ಚಿದ್ದೆ. ಅಷ್ಟರಲ್ಲಿ ಗಂಗಣ್ಣ ಓಡಿಬಂದ.

‘ಬ್ಯಾಡ ಕಣಕ್ಕ. ತುಂಬಿದ ಹಸ, ದಾರೀಲಿ ಕುಲುಕಾಡ್ತದೆ. ಇನ್ನೆರಡು ದಿನ. ಇಂಜೆಕ್ಷನ್ ಬತ್ತಾ ಐತೆ. ಮೊದ್ಲು ಯುರೋಪಾಗೇ ಹಾಕ್ತೀನಿ. ಪ್ಯಾನಿಕ್ ಆಗ್ಬೇಡಿ.’

ಅವತ್ತು ಮೇಕೆ ಕಾಲಿನವನ ಕಥೆ ಹೇಳಲಿಲ್ಲ. ಅವನೇ ಬೆದರಿದ್ದಾನೆ ಅಂತ ಆಗಲೇ ನನಗೆ ತಿಳಿಯಬೇಕಿತ್ತು. ಹಗ್ಗ ಮತ್ತೆ ಗೂಟಕ್ಕೆ ಕಟ್ಟಿದೆ. ಟೆಂಪೋ ಬರಿದಾಗಿ ಹೋಯಿತು.

ಎರಡು ದಿನ ಆಯಿತು, ನಾಲ್ಕಾಯಿತು. ದಿನಾ ಬೆಳಗ್ಗೆ ಅವನು ಬಸ್ಸಿಗೆ ಕಾಯುತ್ತಾ ನಿಲ್ಲುತ್ತಿದ್ದ. ಮದ್ದಿನ ಡಬ್ಬ ಒಂಬತ್ತನೇ ದಿನ ಬಂತು. ಏಳನೇ ದಿನಕ್ಕೇ ಯುರೋಪಾ ಬಾಯಿಂದ ನೊರೆ ಬಂದಿತ್ತು. ಗೊರಸು ಬಿರಿದು ನಿಲ್ಲಲಾರದೆ ಹೋಯಿತು. ನಾಲಿಗೆ ಸುಲಿದುಹೋಗಿತ್ತು. ಗಂಗಣ್ಣ ಪಕ್ಕದಲ್ಲೇ ಕೂತು ಬಾಯಿ ತೊಳೆದ, ಗೊರಸು ತೊಳೆದ, ರಾಗಿ ಗಂಜಿ ಹೊಯ್ದ. ಗಂಜಿ ಹೊರಗೇ ಬಂತು. ದಿನ ತುಂಬದ ಕರುವನ್ನು ಕಂದು ಹಾಕಿತು. ಮಾರನೇ ದಿನ ಮಧ್ಯಾಹ್ನ ಅವನು ಬಗ್ಗಿ, ‘ಯುರೋಪಾ’ ಅಂತ ಕರೆದ. ಒಂದು ಕಿವಿ ಅವನ ಕಡೆಗೆ ತಿರುಗಿತು. ಆಮೇಲೆ ತಿರುಗಲಿಲ್ಲ.

ಅವನು ಕಾಯಿರಿ ಅಂದ ಮನೆ ನಮ್ಮದೊಂದೇ ಅಲ್ಲ. ಅಥೀನಾ ಹೋಯಿತು, ಹೆಲೆನ್ ಹೋಯಿತು. ಹಳ್ಳದ ಪಕ್ಕ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚುವಾಗ, ಪ್ರತಿ ಸಲ ಅವನೇ ಗುಂಡಿಯ ಹತ್ತಿರ ನಿಂತಿದ್ದ. ಜನ ಬೈದರು. ನಾನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹಗ್ಗ ಕಟ್ಟಿದ್ದು ನನ್ನ ಕೈ. ವಿರೂಪಾಕ್ಷಿಪುರಕ್ಕೆ ಆ ವರ್ಷ ರೋಗ ಬರಲೇ ಇಲ್ಲ.

ಮರುವರ್ಷ ನನ್ನ ತಮ್ಮ ಅಲ್ಲಿಂದಲೇ ಒಂದು ಕಡಸು ತಂದು ಕಟ್ಟಿದ. ಸೂಜಿ ಹಾಕಲು ಗಂಗಣ್ಣ ಬಂದ. ಕನಕಪುರ ಕಡೆಗೆ ವರ್ಗ ಆಗಿತ್ತು, ನಮ್ಮೂರಲ್ಲಿ ಅದೇ ಕೊನೆಯ ವಾರ. ಚೀಲದೊಳಗೆ ಪುಸ್ತಕ ಇತ್ತು, ಕಂಡೆ.

‘ಇದಕ್ಕೊಂದು ಹೆಸ್ರು ಹೇಳು’ ಅಂದೆ.

ಚೀಲಕ್ಕೆ ಕೈ ಹಾಕಿದ, ಬರಿಗೈ ತೆಗೆದ. ‘ಬ್ಯಾಡ ಬುಡಕ್ಕ. ಹೆಸ್ರಿದ್ರೆ ತಿರುಗಿ ನೋಡ್ತವೆ’ ಅಂದ. ಜಗಲಿ ಮೇಲೆ ಕೂರಲಿಲ್ಲ. ಕಾಫಿಯನ್ನು ನಿಂತೇ ಕುಡಿದ. ಹೋಗುವಾಗ ಬಾಗಿಲಲ್ಲಿ, ‘ನೀನು ಅವತ್ತು ಪೀಡೆ ಗುಡಾಣದ ತಳದ ಮಾತು ಅಂದ್ಯಲ್ಲ’ ಅಂದ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ.

ಕನಕಪುರದಲ್ಲೇ ತೀರಿಕೊಂಡನಂತೆ. ಪುಸ್ತಕ ಏನಾಯಿತೋ ಗೊತ್ತಿಲ್ಲ. ಯಾವ ಕಡಲೆಕಾಯಿ ಸುತ್ತಿತೋ.

ಆ ಕಡಸಿನ ಮೊಮ್ಮಕ್ಕಳು ಈಗ ಕೊಟ್ಟಿಗೆಯಲ್ಲಿವೆ. ಯಾವುದಕ್ಕೂ ಹೆಸರಿಲ್ಲ. ಕಿವಿಗೆ ಹಳದಿ ಬಿಲ್ಲೆ ಹೊಡೆದು ನಂಬರು ಬರೆದಿದ್ದಾರೆ. ಹೊಸ ಡಾಕ್ಟರು ಬಂದರೆ ಆ ಕಿವಿ ಹಿಡಿದೆಳೆದು ನಂಬರು ಓದಿಕೊಳ್ಳುತ್ತಾನೆ.