ಬೇಳೆ ಬೇಯುವ ನೀರು

ನೀರಿನ ಪರೀಕ್ಷೆಗೆ ಬಂದವನು ಹೇಳಿದ್ದು ಅರ್ಥವಾಗಲಿಲ್ಲ ಎಂದು ನಾನು ಹೇಳಿಕೊಳ್ಳಬಹುದಿತ್ತು. ಓದು ಬರದ ಮುದುಕಿ ಎಂದು ಜನ ನಂಬುತ್ತಿದ್ದರು. ಆದರೆ ಅರ್ಥವಾಗಿತ್ತು. ನಮ್ಮ ಬೋರಿನ ನೀರು ಒಳ್ಳೆಯದೆಂದು ಕಾಗದದಲ್ಲಿ ಬಂದದ್ದು ನಾನು ಮಾಡಿದ ಮೋಸದಿಂದ.

ಮಡಕಶಿರದ ನಮ್ಮ ಬೀದಿಯಲ್ಲಿ ಬೇರೆ ಬೋರುಗಳೆಲ್ಲ ಉಪ್ಪು. ಆ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಲ್ಲಿನಂತೆ ಉಳಿಯುತ್ತದೆ. ನಮ್ಮ ಹಿತ್ತಲಿನದು ಮಾತ್ರ ಬೇಳೆ ಬೇಯುವ ನೀರು. ಅಡುಗೆಗೆಂದು ಬೀದಿಯವರೆಲ್ಲ ಒಂದೊಂದು ಬಿಂದಿಗೆ ಒಯ್ಯುತ್ತಿದ್ದರು. ಕೊಡುವಾಗ ನನಗೆ ಸ್ವಲ್ಪ ಕೊಬ್ಬೂ ಇತ್ತು.

ಹಿತ್ತಲ ಗೋಡೆಯಾಚೆ ಒಂದು ಪೆಟ್ರೋಲ್ ಬಂಕ್ ಇತ್ತು. ಮುಚ್ಚಿ ವರ್ಷಗಳಾದವು. ಮೇಲಿನದೆಲ್ಲ ಕಿತ್ತೊಯ್ದವರು ನೆಲದೊಳಗಿನ ಟ್ಯಾಂಕನ್ನು ಹಾಗೇ ಬಿಟ್ಟುಹೋದರು. ಹೋದ ವರ್ಷ ನೀರಿಗೆ ಸೀಮೆಎಣ್ಣೆಯಂಥ ವಾಸನೆ ಹತ್ತಿತು. ಮೊದಲು ಬಾಯಿಬಿಟ್ಟವಳು ಪಕ್ಕದ ಮನೆಯ ಟೈಲರಮ್ಮ.

“ದೊಡ್ಡಮ್ಮ, ನಿನ್ನ ನೀರು ಯಾಕೋ ನಾರ್ತೈತೆ.”

“ಮಿಷಿನ್ನಿಗೆ ಬಿಡೋ ಎಣ್ಣೆ ನಿನ್ನ ಕೈಯಾಗೇ ಐತೆ. ಕೈ ತೊಳ್ಕಂಡು ಒಲೆ ಮುಂದೆ ಕೂತ್ಕ.”

ನಕ್ಕಳು. ಆದರೆ ನೀರಿಗೆ ಬರುವುದನ್ನು ನಿಲ್ಲಿಸಿದಳು. ನಾನು ಅವಳಿಗಿಂತ ಮೊದಲೇ ನಿಲ್ಲಿಸಿದ್ದೆ. ಕ್ಯಾನ್ ನೀರು ತರಿಸಿ, ಯಾರಿಗೂ ಕಾಣದಂತೆ ಟವೆಲ್ ಹೊದಿಸಿ ಕೋಣೆಯ ಮೂಲೆಯಲ್ಲಿಟ್ಟಿದ್ದೆ.

ಬಂಕಿನ ಜಾಗವನ್ನು ಯಾರೋ ಕೊಳ್ಳುವವರಿದ್ದರು. ಅದಕ್ಕೆ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಲು ರಾಯದುರ್ಗದ ಕಡೆಯವನೊಬ್ಬ ಬಂದ. ನೆಲ ಕೊರೆದು ಮಣ್ಣನ್ನು ಗಾಜಿನ ಡಬ್ಬಿಗಳಿಗೆ ತುಂಬಿಸಿಕೊಂಡ. ನೀರಿಗೆಂದು ನಮ್ಮ ಮನೆಗೆ ಬಂದಾಗ ಕರೆಂಟ್ ಇರಲಿಲ್ಲ.

“ಅವ್ವಾ, ಕರೆಂಟ್ ಬಂದ ಮ್ಯಾಲ ಹತ್ತು ನಿಮಿಷ ಮೋಟ್ರು ಓಡಸ್ರಿ. ಆಮ್ಯಾಲ ಈ ಬಾಟ್ಲಿ ಬಾಯಿಮಟ ತುಂಬಸ್ರಿ, ಒಳಗ ಗಾಳಿ ಉಳೀಬಾರ್ದು. ನಾನ ತುಂಬಬೇಕು ಖರೆ, ಆದ್ರ ಆ ಕಡೆ ಇನ್ನೂ ಮಣ್ಣು ತೆಗೆಯೋದು ಐತ್ರಿ.”

“ನೀರು ಕೆಟ್ಟಿದ್ರೆ ಏನ್ ಮಾಡ್ತೀಯಪ್ಪ?”

“ಬೋರಿಗೆ ಕೆಂಪು ಬಣ್ಣ ಬಳೀತೀವ್ರಿ, ಯಾರೂ ಕುಡೀಬಾರ್ದು ಅಂತ.”

ಕೆಂಪು ಬಣ್ಣ ಎಂದದ್ದೇ ನನ್ನ ತಲೆಯಲ್ಲಿ ಕೂತಿತು. ಕರೆಂಟ್ ಬಂತು. ಮೋಟಾರು ಹಾಕಲಿಲ್ಲ. ಕ್ಯಾನ್ ಬಗ್ಗಿಸಿ ಬಾಟ್ಲಿ ತುಂಬಿಸಿದೆ. ಒಳಗೆ ಗಾಳಿ ಉಳಿಯದಂತೆ ಮಾತ್ರ ನೋಡಿಕೊಂಡೆ.

ಕೆಲವು ವಾರಗಳ ಮೇಲೆ ಅವನೇ ಬಂದು ನಮ್ಮ ಬೀದಿಯಲ್ಲಿ ಕಾಗದ ಓದಿ ಹೇಳಿದ. ಮಣ್ಣಿನಲ್ಲಿ ಎಣ್ಣೆ ಇದೆ, ಬೋರಿನ ನೀರಿನಲ್ಲಿ ಇಲ್ಲ. “ನನಗೂ ನಂಬಾಕ ಆಗವಲ್ದು ನೋಡ್ರಿ,” ಎಂದ. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

ಆ ಸಂಜೆ ಟೈಲರಮ್ಮ ಎರಡು ಬಿಂದಿಗೆ ಹಿಡಿದು ಬಂದಳು. ಅವಳ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಹುಟ್ಟಿ ಹದಿನೈದು ದಿನವೂ ಆಗಿರಲಿಲ್ಲ.

“ನನ್ನ ಮೂಗೇ ಸರಿಯಿಲ್ಲ ಬಿಡು ದೊಡ್ಡಮ್ಮ. ಕಾಗ್ದವೇ ಹೇಳೈತಲ್ಲ. ಬಾಣಂತಿಗೆ ಬೇಳೆಕಟ್ಟಿನ ಸಾರು ಮಾಡ್ಬೇಕು, ನಿನ್ನ ನೀರೇ ಆಗ್ಬೇಕು.”

ಮೋಟಾರು ಹಾಕಿದೆ. ಬಿಂದಿಗೆಯನ್ನು ನಾನೇ ಎತ್ತಿ ಅವಳ ಸೊಂಟಕ್ಕಿಟ್ಟೆ. ಹೇಳಲು ಬಾಯಿ ಬರಲಿಲ್ಲ ಎನ್ನಲಾರೆ. ಬಾಯಿ ಇತ್ತು, ಹೇಳಲಿಲ್ಲ. ಬಾಣಂತಿ ಆ ಸಾರು ಉಂಡಳು, ಮಗುವಿಗೆ ಹಾಲೂಡಿದಳು. ತಾಯಿಗೂ ಮಗುವಿಗೂ ಏನೂ ಆಗಲಿಲ್ಲ. ಅದರಲ್ಲಿ ನನ್ನ ಒಳ್ಳೆಯತನವೇನೂ ಇಲ್ಲ.

ಮರುದಿನ ಬೆಳಿಗ್ಗೆ ಕ್ಯಾನಿನ ಮೇಲಿನ ಟವೆಲ್ ತೆಗೆದು, ಕ್ಯಾನನ್ನು ಬೀದಿಯಲ್ಲೇ ಎಳೆದುಕೊಂಡು ಅವಳ ಬಾಗಿಲಿಗೆ ಹೋದೆ. ಎಲ್ಲ ಹೇಳಿದೆ. ಅವಳು ಕ್ಯಾನನ್ನೇ ನೋಡುತ್ತಿದ್ದಳು.

“ನೀನು ಇದನ್ನ ಯಾವಾಗ್ಲಿಂದ ಕುಡೀತಿದ್ದೀಯ?”

“ನೀನು ನಾರ್ತೈತೆ ಅಂದ್ಯಲ್ಲ, ಅದಕ್ಕೂ ಮುಂಚಿಂದ.”

ಕ್ಯಾನನ್ನು ಒಳಗೆ ತೆಗೆದುಕೊಂಡಳು. ನನ್ನನ್ನು ಒಳಗೆ ಕರೆಯಲಿಲ್ಲ. ಮನೆಗೆ ಬಂದು ಪರೀಕ್ಷೆಯವನಿಗೆ ಫೋನ್ ಮಾಡಿ, ತುಂಬಿಸಿದ್ದು ಯಾವ ನೀರೆಂದು ಹೇಳಿದೆ. ಅವನು ಬಣ್ಣ ತರುವವರೆಗೆ ಕಾಯಲಿಲ್ಲ. ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣನ್ನು ಕಲಸಿ ಬೋರಿನ ಪೈಪಿಗೆ ಮೇಲಿನಿಂದ ಕೆಳಗಿನವರೆಗೆ ನಾನೇ ಬಳಿದೆ.